ಸ್ಪಷ್ಟನೆ: ವೆಸ್ಪ್ರೇಮ್‌ಗಿಂತ ಮೊದಲು ಪೇಚ್ ಇತ್ತು

ಹಂಗೇರಿಯ ವೆಸ್ಪ್ರೇಮ್ ಬಗ್ಗೆ ಒಂದು ಸಂದೇಶ ಹರಿದಾಡುತ್ತಿದೆ: 'ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾದ ಹಂಗೇರಿಯ ಮೊದಲ ಊರು. 2023ರಲ್ಲಿ ಆ ಗೌರವ ಇದೊಂದಕ್ಕೇ ಸಿಕ್ಕಿತು.' ಸಾಂಸ್ಕೃತಿಕ ರಾಜಧಾನಿ ಅಂದರೆ ಐರೋಪ್ಯ ಒಕ್ಕೂಟ ಊರುಗಳಿಗೆ ಒಂದು ವರ್ಷದ ಮಟ್ಟಿಗೆ ಕೊಡುವ ಪಟ್ಟ. ಸಂದೇಶದ ಎರಡೂ ಮಾತು ತಪ್ಪು.

ಹಂಗೇರಿಯಲ್ಲಿ ಮೊದಲು ಈ ಪಟ್ಟ ಪಡೆದದ್ದು ಪೇಚ್, 2010ರಲ್ಲೇ. ಅಲ್ಲಿನ ಹಳೆಯ ಜೊಲ್ನಾಯ್ ಪಿಂಗಾಣಿ ಕಾರ್ಖಾನೆಯ ಆವರಣ ಆ ಯೋಜನೆಯಡಿ ಕಲೆಯ ತಾಣವಾಗಿ ಬದಲಾಯಿತು. ಅಷ್ಟು ದೊಡ್ಡ ಕೆಲಸವನ್ನು ಮರೆತುಬಿಡುವುದು ನ್ಯಾಯವಲ್ಲ, ಅಲ್ವಾ? ಇನ್ನು 2023ರಲ್ಲಿ ವೆಸ್ಪ್ರೇಮ್ ಜೊತೆ ರೊಮೇನಿಯಾದ ತಿಮಿಶ್ವಾರಾ, ಗ್ರೀಸ್‌ನ ಎಲೆಫ್ಸಿನಾ ಕೂಡ ಇದ್ದವು. ಅವೆರಡರ ಸರದಿ 2021ಕ್ಕೇ ಇತ್ತು, ಕೋವಿಡ್‌ನಿಂದ ಮುಂದೆ ಹೋಯಿತು.

ಅದೇ ಸಂದೇಶದಲ್ಲಿ ಇನ್ನೊಂದು ಮಾತಿದೆ: ವೆಸ್ಪ್ರೇಮ್‌ನ ಹಬ್ಬಗಳೆಲ್ಲ 2023ಕ್ಕಾಗಿಯೇ ಹುಟ್ಟಿದವಂತೆ. ಇಲ್ಲ. ಮೇ ತಿಂಗಳ ಗಿಜೆಲ್ಲಾ ದಿನಗಳು, ಜುಲೈನ ಬೀದಿ ಸಂಗೀತ ಉತ್ಸವ, ವೆಸ್ಪ್ರೇಮ್‌ಫೆಸ್ಟ್, ಎಲ್ಲ ಅದಕ್ಕೂ ಮುಂಚೆಯೇ ನಡೆಯುತ್ತಿದ್ದವು. ಗಿಜೆಲ್ಲಾ ಅಂದರೆ ಹಂಗೇರಿಯ ಮೊದಲ ರಾಜ ಇಶ್ತ್ವಾನನ ರಾಣಿ. ಕೋಟೆಗುಡ್ಡದ ತುದಿಯಲ್ಲಿ ಗಂಡಹೆಂಡತಿಯ ಪ್ರತಿಮೆಗಳು ಅಕ್ಕಪಕ್ಕ ನಿಂತಿವೆ. ಯುನೆಸ್ಕೊ ಈ ಊರನ್ನು ಸಂಗೀತದ ಸೃಜನಶೀಲ ನಗರ ಎಂದು ಗುರುತಿಸಿದ್ದೂ 2019ರಲ್ಲಿ. ಅಂದರೆ ಪಟ್ಟ ಬಂದಮೇಲೆ ಹಾಡು ಶುರುವಾದದ್ದಲ್ಲ.

2023ರಲ್ಲಿ ನಿಜವಾಗಿ ಹೊಸದಾಗಿದ್ದದ್ದು ಬೇರೆ. ವೆಸ್ಪ್ರೇಮ್ ಒಂಟಿಯಾಗಿ ಸಂಭ್ರಮಿಸಲಿಲ್ಲ. ಬಾಲಾಟನ್ ಸರೋವರದ ಸುತ್ತಲಿನ, ಬಾಕೋನಿ ಬೆಟ್ಟಸಾಲಿನ ಸಣ್ಣ ಊರುಗಳನ್ನೂ ವರ್ಷವಿಡೀ ಕಾರ್ಯಕ್ರಮಗಳಿಗೆ ಸೇರಿಸಿಕೊಂಡಿತು. ಸಂದೇಶ ಹಂಚುವವರು ದಯವಿಟ್ಟು ಇದನ್ನು ಹಂಚಿ.