ಹಾರ್ಮೋನಿಯಂ ಬೀಗದ ಕೈ

ದೊಡ್ಡಪ್ಪನ ಮಣ್ಣಿಗೆ ಹಾರ್ಮೋನಿಯಂ ನುಡಿಸಲು ಜನವೇ ಇರಲಿಲ್ಲ. ನಲವತ್ತು ವರ್ಷ ನುಡಿಸಿದವರು ಪೆಟ್ಟಿಗೆಯೊಳಗೆ ಮಲಗಿದ್ದರು. ಊರಿನ ಚರ್ಚಿನಲ್ಲಿದ್ದ, ಕಾಲಲ್ಲಿ ಒತ್ತುವ ಹಳೇ ಹಾರ್ಮೋನಿಯಂ ಅದು. ಅದರ ಬೀಗದ ಕೈ ಅವರ ಮನೆಯ ಕೀಲಿಗೊಂಚಲಲ್ಲೇ ಇರುತ್ತಿತ್ತು. ಚಿಕ್ಕಂದಿನಲ್ಲಿ ನಾವು ಹತ್ತಿರ ಸುಳಿದರೆ ಸಾಕು, "ಮುಟ್ಟಬೇಡಿ ಮಕ್ಕಳೇ, ಹಾಳಾಗ್ತದೆ" ಎನ್ನುತ್ತಿದ್ದರು. ಹಾಳಾಗಲಿಲ್ಲ, ನಿಜ. ಯಾರೂ ಕಲಿಯಲೂ ಇಲ್ಲ.

ನಾನೀಗ ಇರುವುದು ಜರ್ಮನಿಯ ಎಸ್ಲಿಂಗನ್ ಹತ್ತಿರ. ನಮ್ಮ ಕರಾವಳಿಯ ಕ್ರೈಸ್ತರಿಗೆ ಇದು ಪೂರ್ತಿ ಪರದೇಶವೇನಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿಗೆ ಈ ವ್ಯೂರ್ಟೆಂಬರ್ಗ್ ಸೀಮೆಯಿಂದ ಬಹಳ ಜನ ಸೇರಿದ್ದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ, ಅದೇ ಮಿಶನ್ನಿನ ಮೋಗ್ಲಿಂಗ್ ತೀರಿಕೊಂಡದ್ದು ಎಸ್ಲಿಂಗನ್ನಿನಲ್ಲೇ, 1881ರಲ್ಲಿ. ಇಲ್ಲಿ ಮೊದಲ ಭಾನುವಾರ ಆರ್ಗನ್ ಶುರುವಾದಾಗ ನನ್ನ ಬಾಯಿಗೆ ಕನ್ನಡದ ಸಾಲೇ ಬಂತು. ಅರೆ, ಇದು ನಮ್ಮ ರಾಗ ಅಲ್ವಾ ಅಂದುಕೊಂಡೆ. ಅವರದ್ದೇ ರಾಗ, ನಮಗೆ ಬಂದದ್ದು!

ಇಲ್ಲಿ 'ಪೊಸೌನೆನ್‌ಕೋರ್' ಅಂತ ಒಂದು ಉಂಟು. ಚರ್ಚಿನಲ್ಲಿ ಟ್ರಂಪೆಟ್, ಟ್ರಾಂಬೋನ್ ಊದುವವರ ಗುಂಪು. ಹೆಚ್ಚಿನವರು ಸಂಬಳ ಗಿಂಬಳ ಇಲ್ಲದೆ ಊದುವವರು. ನಾನು ಹೋಗುವ ಚರ್ಚ್ ಸಭೆಯಲ್ಲಿ ಮಕ್ಕಳು ಸೇರಿದರೆ ವಾದ್ಯವನ್ನೂ ಗುಂಪೇ ಕೊಟ್ಟು ಕಲಿಸುತ್ತದೆ. ಒಂದು ಭಾನುವಾರ ಎಪ್ಪತ್ತು ದಾಟಿದ ಅಜ್ಜನ ಪಕ್ಕದಲ್ಲಿ ಹತ್ತು ವರ್ಷದ ಹುಡುಗಿ ಕೂತಿದ್ದಳು. ನಡುವೆ ಒಂದು ಸ್ವರ ತಪ್ಪಿತು. ಎಷ್ಟು ಕರ್ಕಶವಾಗಿ ಅಂದರೆ ಹಿಂದಿನ ಬೆಂಚಿನವರಿಗೂ ಕೇಳಿಸಿತು. ಅಜ್ಜ ತಿರುಗಿ ನೋಡಲಿಲ್ಲ. ಬೂಟಿನ ತುದಿಯಿಂದ ತಾಳ ಸ್ವಲ್ಪ ಜೋರಾಗಿ ಹಾಕಿದರು, ಅಷ್ಟೇ. ಎರಡು ಸಾಲು ಬಿಟ್ಟು ಹುಡುಗಿ ಮತ್ತೆ ಸೇರಿಕೊಂಡಳು.

ನನಗೆ ದೊಡ್ಡಪ್ಪ ನೆನಪಾದರು.

ದೃಢೀಕರಣದ, ಅಂದರೆ ಮಕ್ಕಳು ಪಾಠ ಕಲಿತು ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ಒಪ್ಪಿಕೊಳ್ಳುವ ವಿಧಿಯ ಕತೆಯೂ ಹೀಗೇ. ಹದಿನಾಲ್ಕರ ಹೊತ್ತಿಗೆ ಅದು ಮುಗಿಯುತ್ತದೆ. ಮರುವರ್ಷ ಅದೇ ಹುಡುಗರಲ್ಲಿ ಕೆಲವರು ಹೊಸ ತಂಡಕ್ಕೆ ಅಣ್ಣ, ಅಕ್ಕ ಆಗಿ ಬಂದು ಪಾಠಕ್ಕೆ ಕೈಜೋಡಿಸುತ್ತಾರೆ. ಈ ಸೀಮೆಯಲ್ಲಿ ಸಭೆಯ ಹಿರಿಯರನ್ನು ಆರು ವರ್ಷಕ್ಕೊಮ್ಮೆ ಆರಿಸುತ್ತಾರೆ, ಹದಿನಾಲ್ಕು ತುಂಬಿದವರಿಗೂ ಓಟು. ನಮ್ಮಲ್ಲಿ ಆ ವಯಸ್ಸಿನವರಿಗೆ ಕುರ್ಚಿ ಜೋಡಿಸುವ ಕೆಲಸ.

ಹಾಗಂತ ಇಲ್ಲಿ ಎಲ್ಲ ಚಂದ ಅಂದುಕೊಳ್ಳಬೇಡಿ. ಬೆಂಚುಗಳು ಖಾಲಿ. ಆದಾಯ ತೆರಿಗೆಯ ಮೇಲೆ ಇಲ್ಲಿ ನೂರಕ್ಕೆ 8ರಷ್ಟು ಚರ್ಚ್ ತೆರಿಗೆ ಬೇರೆ. (ಮನೆ ವಿಳಾಸ ನೋಂದಾಯಿಸುವಾಗ ಧರ್ಮದ ಕಾಲಮ್ಮನ್ನು ಸುಮ್ನೆ ತುಂಬಿದ್ದೆ. ಸಂಬಳದ ಚೀಟಿ ಬಂದಾಗ ಗೊತ್ತಾಯಿತು.) ಅದನ್ನು ಕಂಡು ಹೆಸರು ತೆಗೆಸುವ ಯುವಕರು ಬಹಳ. ಊರಲ್ಲಾದರೋ ಸುಗ್ಗಿ ಹಬ್ಬದ ಹರಾಜಿನಲ್ಲಿ ಕೋಳಿಯ ಹಿಂದೆ ಓಡುವ ಮಕ್ಕಳನ್ನು ಹಿಡಿದು ಕೂರಿಸುವುದೇ ಒಂದು ಕೆಲಸ. ಮಕ್ಕಳಿಗೆ ಬರ ಇಲ್ಲ. ಆದರೆ ಅವರ ಕೈಗೆ ಏನನ್ನಾದರೂ ಕೊಡಲು ನಮ್ಮ ಹಿರಿಯರಿಗೆ ಜೀವ ಬರುವುದಿಲ್ಲ.

ದೊಡ್ಡಪ್ಪನದ್ದು ಅಧಿಕಾರದ ಆಸೆ ಅಲ್ಲ, ಅದು ನನಗೆ ಗೊತ್ತು. ಜ್ವರ ಬಂದರೂ ಭಾನುವಾರ ತಪ್ಪಿಸಿದವರಲ್ಲ. ಆದರೂ ಹೇಳಿಯೇ ಬಿಡುತ್ತೇನೆ. ಅವರು ಮಾಡಿದ್ದು ತಪ್ಪು. ಅವರು ಇರುವಾಗ ಬೇರೆಯವರು ನಾಲ್ಕು ಸಲ ತಪ್ಪು ನುಡಿಸಿದ್ದರೆ ಅವರ ಮಣ್ಣಿನ ದಿನ ಸರಿಯಾಗಿ ನುಡಿಸುತ್ತಿದ್ದರು.

ಹೋದ ರಜೆಯಲ್ಲಿ ದೊಡ್ಡಮ್ಮ ದೊಡ್ಡಪ್ಪನ ನೋಟ್ ಪುಸ್ತಕ ತೋರಿಸಿದರು. ಟೆನರ್, ಬೇಸ್ ಅಂತ ಗಂಡು ದನಿಗಳ ಭಾಗ ಎಲ್ಲ ಸೋಲ್ಫಾದಲ್ಲಿ (ಸ್ವರಗಳನ್ನು ಅಕ್ಷರದಲ್ಲಿ ಬರೆಯುವ ರೀತಿ), ಪೆನ್ಸಿಲಿನಲ್ಲಿ. ಮೊದಲ ಪುಟಗಳು ಆಗಲೇ ಮಾಸಿದ್ದವು. ಪುಟಪುಟದ ಫೋಟೊ ತೆಗೆದುಕೊಂಡೆ. ಅದೇ ವಾರ ಸಭೆಯಲ್ಲಿ ದೊಡ್ಡಪ್ಪನ ಹೆಸರಲ್ಲಿ ಗೋಡೆಗೆ ಕಲ್ಲು ಹಾಕಿಸುವ ಮಾತು ಬಂತು. ಆ ದುಡ್ಡಲ್ಲಿ ನಾಲ್ಕು ಮಕ್ಕಳಿಗೆ ಪಾಠ ಹೇಳಿಸಬಹುದಲ್ಲ ಎಂದೆ. ಎಲ್ಲರೂ ಒಳ್ಳೆಯದೆಂದರು. ಕಲ್ಲು ಹಾಕಿಸಿದರು.

ಫೋಟೊಗಳನ್ನು ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಕೇಳಿ ತೆಗೆದುಕೊಂಡಳು. ಮನೆಯ ಕೀಬೋರ್ಡಿನಲ್ಲಿ ನೋಡ್ತೇನೆ ಎಂದಳು. ಈಗ ಶನಿವಾರ ಶನಿವಾರ ಮೆಸೇಜು ಬರುತ್ತದೆ. "ಅಂಕಲ್, ಈ ಅಕ್ಷರದ ಕೆಳಗೆ ಸಣ್ಣ ಗೆರೆ ಉಂಟಲ್ಲ, ಅದು ಕೆಳಗಿನ ಸ್ವರವಾ?" ನನಗೂ ಗೊತ್ತಿಲ್ಲ. ಟ್ರಂಪೆಟ್ ಅಜ್ಜನನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ.