ಆ ಕಪ್ಪೆಗಳು ಆಕಾಶದಿಂದ ಬಿದ್ದವಲ್ಲ

ಬೇಸಿಗೆಯ ಮೊದಲ ದೊಡ್ಡ ಮಳೆ ಸುರಿದರೆ ಸಾಕು, ಬೆಂಗಳೂರಿನ ಬಡಾವಣೆಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಳೆಯ ಸಂದೇಶವೊಂದು ಮತ್ತೆ ಬರುತ್ತದೆ: ಮಳೆಯ ಜೊತೆ ಕಪ್ಪೆಗಳು ಉದುರಿವೆ, ಇದು ಅಪಶಕುನ. ನಿನ್ನೆಯವರೆಗೆ ಬಿರುಕು ಬಿಟ್ಟಿದ್ದ ಖಾಲಿ ನಿವೇಶನದಲ್ಲಿ ರಾತ್ರೋರಾತ್ರಿ ಹತ್ತಾರು ಕಪ್ಪೆಗಳು ಕೂಗತೊಡಗಿದರೆ ಹಾಗೆ ಅನಿಸುವುದು ಸಹಜವೇ. ಆದರೆ ಅವು ಬಂದದ್ದು ಮೇಲಿನಿಂದಲ್ಲ, ನೆಲದೊಳಗಿನಿಂದ.

ಅವುಗಳಲ್ಲಿ ಹಲವು ಬಿಲಗಪ್ಪೆಗಳು. ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟದಾದ, ದುಂಡನೆಯ, ಮಣ್ಣಿನದೇ ಬಣ್ಣದ ಜೀವ. ಹಿಂಗಾಲಿನ ಅಡಿಯಲ್ಲಿ ಗುದ್ದಲಿಯ ಅಲಗಿನಂತಹ ಗಟ್ಟಿ ಉಬ್ಬೊಂದಿರುತ್ತದೆ. ಅದರಿಂದ ಮಣ್ಣನ್ನು ಸರಿಸುತ್ತಾ, ಕುಳಿತಲ್ಲೇ ಹಿಮ್ಮುಖವಾಗಿ ಕೆಳಗಿಳಿಯುತ್ತದೆ. ಕೊನೆಗೆ ಕಣ್ಣೆರಡು ಮಾತ್ರ ಕಾಣುತ್ತವೆ, ಮರುಗಳಿಗೆಯಲ್ಲಿ ಅವೂ ಇಲ್ಲ. ಒಣ ತಿಂಗಳುಗಳನ್ನು ಒಳಗೇ ಕಳೆದು, ನೆಲ ನೆನೆದಾಗ ಮೇಲೆದ್ದು ಬರುತ್ತದೆ. ಮಳೆನೀರಿನ ಹೊಂಡ ಬತ್ತುವ ಮೊದಲೇ ಗೊದಮೊಟ್ಟೆಗಳು ಬೆಳೆದು ಕಪ್ಪೆಗಳಾಗಬೇಕು; ಗಂಡುಗಳ ಆ ಕೂಗಿನ ಅವಸರ ಅದಕ್ಕೇ. ನಗರದ ಅಂಚಿನ ರಾಜಾನುಕುಂಟೆಯಲ್ಲಿ ಸಿಕ್ಕ ಬಿಲಗಪ್ಪೆಯೊಂದಕ್ಕೆ 2020ರಲ್ಲಿ ‘ಸ್ಫೀರೋಥೀಕಾ ಬೆಂಗಳೂರು’ ಎಂದು ನಮ್ಮ ಊರಿನ ಹೆಸರನ್ನೇ ಇಟ್ಟಿದ್ದಾರೆ. ನನಗಂತೂ ಇದು ಹೆಮ್ಮೆಯ ಸಂಗತಿ.

ಸಂದೇಹವಿದ್ದರೆ ಮಳೆ ನಿಂತ ಮೇಲೆ ಟಾರ್ಚ್ ಹಿಡಿದು ಹೊರಗೆ ಹೋಗಿ. ಆಕಾಶದಿಂದ ಬಿದ್ದಿದ್ದರೆ ತಾರಸಿ, ಕಾರುಗಳ ಮೇಲೂ ಅಷ್ಟೇ ಕಪ್ಪೆಗಳಿರಬೇಕಿತ್ತು. ಸಂದೇಶದ ಜೊತೆ ವಿಡಿಯೊ ಇದ್ದರೆ ಯಾವ ಊರು, ಯಾವ ದಿನ ಎಂದು ಕಳುಹಿಸಿದವರನ್ನು ಸಮಾಧಾನದಿಂದ ಕೇಳಿ; ಅದರ ಒಂದು ದೃಶ್ಯವನ್ನು ಚಿತ್ರ ಹುಡುಕಾಟಕ್ಕೆ ಹಾಕಿದರೆ ಅದು ಹಿಂದೆ ಎಲ್ಲೆಲ್ಲಿ ಕಾಣಿಸಿಕೊಂಡಿತ್ತು ಎಂಬುದೂ ಸಿಗಬಹುದು. ಹೊರಗೆ ಹೋದಾಗ ಹೆಜ್ಜೆಯನ್ನು ಮಾತ್ರ ನೋಡಿ ಇಡಿ, ಅವು ಮಣ್ಣಿನ ಬಣ್ಣದಲ್ಲೇ ಇರುತ್ತವೆ.