ದಯವಿಟ್ಟು ನನ್ನ ಸೋಯಾ ಗಿಡಕ್ಕೆ ಕನಿಕರ ತೋರಿಸಬೇಡಿ

ಬೆಳಿಗ್ಗೆ ತಾರಸಿಗೆ ಹೋದರೆ ಸೋಯಾ ಬುಡದಲ್ಲೆಲ್ಲ ಬಿಳಿ ಹರಳು. ಯೂರಿಯಾ! "ನೀವು ಏನೂ ಹಾಕೋದೇ ಇಲ್ಲ, ಪಾಪ ಅನ್ನಿಸ್ತು. 15 ದಿನದ ಹಿಂದೆನೂ ಒಂದು ಮುಷ್ಟಿ ಹಾಕಿದ್ದೆ" ಅಂದರು ಪಕ್ಕದ ಮನೆಯವರು. ನಗುತ್ತಾ. ನಾನೂ ನಕ್ಕೆ. ಕೆಳಗೆ ಬಂದು ಕುಕ್ಕರ್ ಮೇಲೆ ಸಿಟ್ಟು ತೀರಿಸಿಕೊಂಡೆ.

ಹಾಕಿಲ್ಲ, ನಿಜ. ಬೇಕಂತಲೇ ಹಾಕಿಲ್ಲ. ಸೋಯಾ ಬೇರಿನ ಗಂಟಿನಲ್ಲಿ ರೈಜೋಬಿಯಂ ಅನ್ನೋ ಬ್ಯಾಕ್ಟೀರಿಯಾ ಕೂತು ಗಾಳಿಯ ಸಾರಜನಕವನ್ನೇ ಗೊಬ್ಬರ ಮಾಡಿಕೊಡುತ್ತದೆ. ತಾರಸಿಯ ಕೋಕೋಪೀಟ್‌ನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ, ಅದು ಎಲ್ಲಿಂದ ಬರಬೇಕು? ಅದಕ್ಕೇ ಅಪ್ಪ ಊರಿಂದ ಕಳಿಸಿದ ಜೆಎಸ್ 335 ತಳಿಯ ಸೋಯಾ ಬೀಜಕ್ಕೆ ಬೆಲ್ಲದ ನೀರಲ್ಲಿ ರೈಜೋಬಿಯಂ ಸವರಿ, ನೆರಳಲ್ಲಿ ಆರಿಸಿ ಬಿತ್ತಿದ್ದೆ. ಈಗ ಯೂರಿಯಾದ ಸಾರಜನಕ ಬಾಯಿಗೇ ತುತ್ತಾಗಿ ಬರುವಾಗ ಗಿಡ ಯಾಕೆ ಮೈಮುರಿದು ದುಡಿದೀತು? ಒಂದನ್ನು ಕಿತ್ತು ನೋಡಿದೆ. ಅಲ್ಲೊಂದು ಇಲ್ಲೊಂದು ಗಂಟು. ಉಗುರಲ್ಲಿ ಸೀಳಿದರೆ ಒಳಗೆ ಕೆಂಪಗಿರಬೇಕು. ಇದು ಮಾಸಲು ಹಸಿರು. ಎಲೆ ಮಾತ್ರ ದಟ್ಟ ಹಸಿರು, ಫೋಟೋಗೆ ಚೆಂದ. ನಾನೇನು ಎಲೆ ಪಲ್ಯ ಮಾಡಬೇಕಿತ್ತಾ?

"ಬೀದರಲ್ಲಿ ನಿಮ್ಮಪ್ಪನೂ ಡಿಎಪಿ ಗೊಬ್ಬರ ಹಾಕ್ತಾರಲ್ವಾ?" ಅಂತ ಕೇಳುವವರಿದ್ದೀರಿ, ಗೊತ್ತು. ಹಾಕುತ್ತಾರೆ. ಜೂನ್‌ನಲ್ಲಿ ಬಿತ್ತುವಾಗ, ಒಂದೇ ಸಲ. ಗಂಟು ಕಟ್ಟುವ ತನಕದ ಬುತ್ತಿ ಅದು. ಹೂ ಬಿಟ್ಟ ಗಿಡಕ್ಕೆ ಪಾಪ ಅನ್ನಿಸಿದಾಗಲೆಲ್ಲ ಯೂರಿಯಾ ಸುರಿಯುವುದೂ ಅದೂ ಒಂದೇನಾ? ಹೂ ಬಿಟ್ಟಾಗಿಂದ ಕಾಯಿ ತುಂಬುವ ತನಕ ಬುಡ ಒಣಗದ ಹಾಗೆ ನೀರು ಕೊಡಿ. ಎಲೆ ಹಿಂದೆ ಮರಿಹುಳುವಿನ ಮೊಟ್ಟೆ ಗುಂಪು ಕಂಡರೆ ಆ ಎಲೆ ಕಿತ್ತು ಹೊಸಕಿ. ಅಷ್ಟು ಸಾಕು.

ಸರಿ, ಒಪ್ಪಿಕೊಂಡುಬಿಡುತ್ತೇನೆ. ಮೊದಲ ವರ್ಷ ನಾನೂ ವಾರವಾರ ಶೇಂಗಾ ಹಿಂಡಿ ನೀರು ಸುರಿದವಳೇ. ಗಿಡ ಸೊಂಟದ ತನಕ ಬೆಳೆದು ಮಳೆಗೆ ಮಲಗಿತು. ಆರು ಗಿಡಕ್ಕೆ 11 ಕಾಯಿ! ಅಪ್ಪನಿಗೆ ಫೋನಲ್ಲಿ ಒಂದು ಸೇರು ಬಂತು ಅಂತ ಸುಳ್ಳು ಹೇಳಿದ್ದೆ. ದೀಪಾವಳಿಗೆ ಬಂದವರು ಡಬ್ಬಿ ತೆಗೆದು ನೋಡಿ, "ಬೆಂಗಳೂರಾಗ ಸೇರು ಭಾಳ ಸಣ್ಣದ ಅದ ಅಲ್ಲವ್ವಾ" ಅಂದರು.

ಸೆಪ್ಟೆಂಬರ್ ಕೊನೆಗೆ ಎಲೆ ಹಳದಿಯಾಗಿ ಉದುರುತ್ತದೆ. ಅದು ಕಾಯಿ ಬಲಿತ ಗುರುತು, ಗಿಡ ಹಸಿದದ್ದಲ್ಲ. ಆಗ ಪಕ್ಕದ ಮನೆಯವರಿಗೆ ಇನ್ನೆಷ್ಟು ಪಾಪ ಅನ್ನಿಸುತ್ತದೋ ಅಂತ ಇವತ್ತೇ ತಾರಸಿ ಬಾಗಿಲಿಗೆ ಬೀಗ ತಂದೆ. ಒಂದು ಕೀ ಅವರಿಗೂ ಕೊಡಬೇಕಂತೆ. ನೀರಿನ ಟ್ಯಾಂಕ್ ಮೇಲೇ ಇದೆಯಲ್ಲ.